ರಸ್ತೆಯುಬ್ಬು ಹುಟ್ಟಿದ ಕತೆ

ಹಾಸನದ ಕಡೆಯ ಹಳ್ಳಿಗಳಲ್ಲಿ ಹಂಪ್ಸ್ ಹುಟ್ಟುವುದು ಹೆಚ್ಚಾಗಿ ಸಾವಿನ ಬೆನ್ನಿಗೇ. ಡೇರಿಗೆ ಹಾಲು ಹಾಕಿ ಖಾಲಿ ಕ್ಯಾನ್ ಹಿಡಿದು ರಸ್ತೆ ದಾಟುತ್ತಿದ್ದ ಹೆಂಗಸಿಗೋ, ಶಾಲೆ ಬಿಟ್ಟು ಓಡಿಬಂದ ಹುಡುಗನಿಗೋ ಗಾಡಿ ಬಡಿಯುತ್ತದೆ. ಊರವರು ಕಲ್ಲು, ಮರದ ದಿಮ್ಮಿ ಅಡ್ಡ ಹಾಕಿ ರಸ್ತೆ ತಡೆಯುತ್ತಾರೆ. ತಹಸೀಲ್ದಾರರು, ಪೊಲೀಸರು ಬಂದು ಸಮಾಧಾನ ಹೇಳುತ್ತಾರೆ. “ಮೊದ್ಲು ಹಂಪ್ಸ್ ಹಾಕ್ಸಿ ಸಾರ್, ಆಮೇಲೆ ಮಿಕ್ಕಿದ್ದು” ಎಂದು ಊರವರು ಪಟ್ಟು ಹಿಡಿಯುತ್ತಾರೆ. ಒಂದೆರಡು ದಿನದಲ್ಲಿ ಟ್ರ್ಯಾಕ್ಟರಿನಲ್ಲಿ ಜಲ್ಲಿ, ಡಾಂಬರು ಬರುತ್ತದೆ. ಸಂಜೆಯೊಳಗೆ ರಸ್ತೆಗೆ ಅಡ್ಡಲಾಗಿ ಒಂದೂವರೆ ಅಡಿ ಅಗಲದ, ಅರ್ಧ ಅಡಿ ಎತ್ತರದ ದಿಬ್ಬ ಏಳುತ್ತದೆ. ಬಣ್ಣವಿಲ್ಲ, ಫಲಕವಿಲ್ಲ, ಬೀದಿದೀಪವಿಲ್ಲ. ಸ್ವಲ್ಪ ದಿನದಲ್ಲೇ ಅದೇ ದಿಬ್ಬದ ಮೇಲೆ ಬೈಕು ಹಾರಿ, ಹಿಂದೆ ಕೂತಿದ್ದವರು ಬಿದ್ದ ಸುದ್ದಿ ಬರುತ್ತದೆ. ಪತ್ರಿಕೆಯ ಜಿಲ್ಲಾ ಪುಟದಲ್ಲಿ ‘ಅವೈಜ್ಞಾನಿಕ ಹಂಪ್ಸ್, ಸವಾರರ ಪರದಾಟ’ ಎಂಬ ತಲೆಬರಹ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಯಾವ ತಾಲ್ಲೂಕಿನ ಓದುಗರಿಗೂ ಇದು ಹೊಸದಲ್ಲ.

ಅವೈಜ್ಞಾನಿಕವಾದದ್ದು ಇದೆ ಅಂದಮೇಲೆ ವೈಜ್ಞಾನಿಕವಾದದ್ದೂ ಇರಬೇಕಲ್ಲ? ಇದೆ. ಅದಕ್ಕೆ ಕರಾರುವಾಕ್ಕಾದ ಅಳತೆ ಇದೆ, ಅದನ್ನು ಕಂಡುಹಿಡಿದವರ ಹೆಸರು ಗೊತ್ತಿದೆ, ಆ ಹೆಸರುಗಳಲ್ಲಿ ಒಂದು ನೊಬೆಲ್ ಪ್ರಶಸ್ತಿ ಪಡೆದ ಭೌತವಿಜ್ಞಾನಿಯದು. ಆ ಅಳತೆ 1988ರಲ್ಲೇ ನಮ್ಮ ದೇಶದ ರಸ್ತೆ ಇಂಜಿನಿಯರುಗಳ ಕೈಪಿಡಿಯಲ್ಲೂ ಅಚ್ಚಾಗಿದೆ. ಕೈಪಿಡಿಯಿಂದ ನಮ್ಮೂರಿನ ರಸ್ತೆಗೆ ಇಳಿಯುವುದಷ್ಟೇ ಬಾಕಿ. ಆ ಬಾಕಿಯಿಂದಾಗಿಯೇ ಜನ ಸಾಯುತ್ತಿದ್ದಾರೆ ಎಂದು ನಾನು ನಂಬಿದ್ದೇನೆ, ಆದ್ದರಿಂದ ಈ ಕತೆ ಹೇಳುತ್ತಿದ್ದೇನೆ.

ರಸ್ತೆ ದಾಟುವವರನ್ನು ಗಾಡಿಗಳಿಂದ ಕಾಪಾಡಬೇಕೆಂಬ ಯೋಚನೆ ಮೋಟಾರು ಕಾರಿಗಿಂತ ಹಳೆಯದು. ಲಂಡನ್ನಿನಲ್ಲಿ ಇನ್ನೂ ಕುದುರೆಗಾಡಿಗಳೇ ಓಡುತ್ತಿದ್ದ 1868ರ ಡಿಸೆಂಬರಿನಲ್ಲಿ ಜಾನ್ ಪೀಕ್ ನೈಟ್ ಎಂಬ ರೈಲ್ವೆ ಅಧಿಕಾರಿ, ರೈಲಿಗೆ ಇರುವಂಥ ಕೈಮರವನ್ನೇ ತಂದು ಪಾರ್ಲಿಮೆಂಟಿನ ಹತ್ತಿರ ರಸ್ತೆಯಲ್ಲಿ ನೆಡಿಸಿದರು. ಹಗಲು ಕೈ ಎತ್ತಿದರೆ ಗಾಡಿ ನಿಲ್ಲಬೇಕು, ರಾತ್ರಿಗೆ ಕೆಂಪು, ಹಸಿರು ಗ್ಯಾಸ್ ದೀಪ. ಒಬ್ಬ ಪೇದೆ ಪಕ್ಕದಲ್ಲೇ ನಿಂತು ಅದನ್ನು ನಡೆಸಬೇಕಿತ್ತು. ತಿಂಗಳು ತುಂಬುವುದರೊಳಗೆ ಗ್ಯಾಸ್ ಸೋರಿ ದೀಪ ಸಿಡಿಯಿತು, ಪೇದೆ ಗಾಯಗೊಂಡ, ಪ್ರಯೋಗ ಅಲ್ಲಿಗೇ ನಿಂತಿತು. ಮುಂದೆ ಕಾರು ಬಂತು. 1896ರ ಆಗಸ್ಟ್ 17ರಂದು ಅದೇ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಆವರಣದಲ್ಲಿ ಬ್ರಿಜೆಟ್ ಡ್ರಿಸ್ಕಾಲ್ ಎಂಬ ಹೆಂಗಸು ಕಾರಿಗೆ ಸಿಕ್ಕಿ ಸತ್ತರು. ಬ್ರಿಟನ್ನಿನಲ್ಲಿ ಕಾರು ಬಡಿದು ಜೀವ ಕಳೆದುಕೊಂಡ ಮೊದಲ ಪಾದಚಾರಿ ಅವರು.

ಉಬ್ಬಿನ ಯೋಚನೆ ಮೊದಲು ಹೊಳೆದದ್ದು ಯಾವ ವಿಜ್ಞಾನಿಗೂ ಅಲ್ಲ, ಒಂದು ಸಣ್ಣ ಊರಿಗೆ. ಅಮೆರಿಕದ ನ್ಯೂಜೆರ್ಸಿಯ ಚಾಥಮ್ ಊರಿನವರು 1906ರಲ್ಲಿ, ಜನ ದಾಟುವ ಜಾಗವನ್ನೇ ಕಲ್ಲು ಹಾಸಿ ರಸ್ತೆ ಮಟ್ಟಕ್ಕಿಂತ ಐದು ಅಂಗುಲ ಮೇಲೆತ್ತಲು ಹೊರಟರು. ವೇಗವಾಗಿ ಬಂದ ಕಾರು ಕುಲುಕಿ ಬುದ್ಧಿ ಕಲಿಯಲಿ ಎಂಬುದು ಅವರ ಲೆಕ್ಕ. ದಾಟುವ ಜಾಗವೂ ಉಬ್ಬೂ ಬೇರೆಬೇರೆಯಲ್ಲ, ಎರಡೂ ಒಂದೇ ಆಗಿರಬೇಕು ಎಂಬ ತಿಳಿವಳಿಕೆ ಆ ಊರಿನವರಿಗೆ ಅಂದೇ ಇತ್ತು. ಲೋಕ ಅದನ್ನು ಮರೆತು, ಬಣ್ಣದ ದಾರಿ ಹಿಡಿದು ಬಹಳ ದೂರ ಹೋಯಿತು.

ಬಣ್ಣದ ಕತೆಯನ್ನೂ ಹೇಳಬೇಕು. 1934ರಲ್ಲಿ ಬ್ರಿಟನ್ನಿನ ಸಾರಿಗೆ ಸಚಿವರಾದ ಲೆಸ್ಲಿ ಹೋರ್-ಬೆಲಿಶಾ ದಾಟುವ ಜಾಗಗಳಲ್ಲಿ ಕಪ್ಪು-ಬಿಳುಪು ಕಂಬ ನೆಟ್ಟು, ತುದಿಗೆ ಕಿತ್ತಳೆ ಬಣ್ಣದ ಗೋಳ ಕೂರಿಸಿದರು. ನೆಲದಲ್ಲಿ ಲೋಹದ ಗುಬುಟುಗಳ ಸಾಲು. ನಡೆಯುವವರಿಗೆ ಅದು ಕಾಣುತ್ತಿತ್ತು, ಕಾರಿನಲ್ಲಿ ಬರುವವರಿಗೆ ದೂರದಿಂದ ಗುಬುಟುಗಳು ಕಾಣುತ್ತಲೇ ಇರಲಿಲ್ಲ. ಯುದ್ಧ ಮುಗಿದ ಮೇಲೆ ರಸ್ತೆ ಸಂಶೋಧನಾಲಯದ ಭೌತವಿಜ್ಞಾನಿ ಜಾರ್ಜ್ ಚಾರ್ಲ್ಸ್‌ವರ್ತ್ ಮತ್ತು ಜತೆಯವರು ಈ ತೊಡಕನ್ನು ಕೈಗೆತ್ತಿಕೊಂಡರು. ಚಾಲಕ ಕೂರುವುದು ನೆಲಕ್ಕೆ ಹತ್ತಿರ, ದೂರದ ರಸ್ತೆ ಅವನ ಕಣ್ಣಿಗೆ ಚಪ್ಪಟೆಯಾಗಿ ಮಡಚಿಕೊಂಡಂತೆ ಕಾಣುತ್ತದೆ. ರಸ್ತೆಗೆ ಅಡ್ಡ ಎಳೆದ ಗೆರೆ ಆ ನೋಟದಲ್ಲಿ ಕೂದಲೆಳೆಯಾಗಿಬಿಡುತ್ತದೆ. ಗಾಡಿ ಬರುವ ದಿಕ್ಕಿಗೇ ಉದ್ದುದ್ದವಾಗಿ ಅಗಲ ಪಟ್ಟೆ ಎಳೆದರೆ ಮಾತ್ರ ದೂರಕ್ಕೂ ಉಳಿಯುತ್ತದೆ. 1949ರಲ್ಲಿ ಒಂದು ಸಾವಿರ ಕಡೆ ಪರೀಕ್ಷೆ ನಡೆಯಿತು. ಮೊದಲು ಬಳಿದದ್ದು ನೀಲಿ-ಹಳದಿ ಪಟ್ಟೆ. ಕೊನೆಗೆ ಗೆದ್ದದ್ದು ಕಪ್ಪು-ಬಿಳುಪು. 1951ರಲ್ಲಿ ಅದಕ್ಕೆ ಕಾನೂನಿನ ಬಲ ಬಂತು, ಪಟ್ಟೆಯ ಮೇಲೆ ಕಾಲಿಟ್ಟವರಿಗೆ ದಾರಿ ಬಿಡುವುದು ಕಡ್ಡಾಯವಾಯಿತು. ಹಾಸನದ ಎನ್.ಆರ್. ವೃತ್ತದಲ್ಲಿ ಸವೆದು ಮಾಸುವ ಪಟ್ಟೆಗಳ ಮೂಲ ಅದೇ.

ಇಲ್ಲಿಗೆ ಕತೆ ಮುಗಿಯಬಹುದಿತ್ತು. ಮುಗಿಯಲಿಲ್ಲ, ಏಕೆಂದರೆ ಪಟ್ಟೆ ಬಳಿದ ಮೇಲೆ ಏನಾಯಿತು ಎಂದು ಕೆಲವರು ಎಣಿಸಿ ನೋಡಿದರು.

ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಬ್ರೂಸ್ ಹರ್ಮ್ಸ್ ಎಂಬ ಇಂಜಿನಿಯರು ನಾನೂರು ಕೂಡುರಸ್ತೆಗಳ ಲೆಕ್ಕ ತೆಗೆದು 1972ರಲ್ಲಿ ಪ್ರಕಟಿಸಿದರು. ಪಟ್ಟೆ ಇದ್ದ ಕಡೆ, ದಾಟುವವರ ಸಂಖ್ಯೆಗೆ ಹೋಲಿಸಿದರೆ, ಪಟ್ಟೆ ಇಲ್ಲದ ಕಡೆಗಿಂತ ಸುಮಾರು ಎರಡು ಪಟ್ಟು ಅಪಘಾತಗಳು ಕಂಡವು. ಇಂಜಿನಿಯರುಗಳಲ್ಲಿ ದೊಡ್ಡ ಗದ್ದಲವೆದ್ದಿತು. ಆ ಜಗಳವನ್ನು ಬಗೆಹರಿಸಿದ್ದು ಚಾರ್ಲ್ಸ್ ಜೆಗೀರ್ ತಂಡ, ಅದೂ ಮೂವತ್ತು ವರ್ಷಗಳ ನಂತರ. ಮೂವತ್ತು ನಗರಗಳಲ್ಲಿ ಪಟ್ಟೆ ಇರುವ ಸಾವಿರ, ಇಲ್ಲದ ಸಾವಿರ ಜಾಗ ಆರಿಸಿ ಹೋಲಿಸಿದರು. ಎರಡು ಲೇನಿನ ಸಣ್ಣ ರಸ್ತೆಯಲ್ಲಿ ಪಟ್ಟೆಯಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೆ ಹೆಚ್ಚು ಲೇನುಗಳಿದ್ದು, ದಿನಕ್ಕೆ 12,000 ಗಾಡಿಗಳಿಗಿಂತ ಹೆಚ್ಚು ಓಡುವ ರಸ್ತೆಯಲ್ಲಿ, ಬೇರೇನೂ ಮಾಡದೆ ಬರೀ ಪಟ್ಟೆ ಬಳಿದರೆ ಅಪಾಯ ಹೆಚ್ಚುತ್ತದೆ.

ಅದು ಹೇಗೆ ಎಂಬುದನ್ನು ಹಾಸನದ ಬಿ.ಎಂ. ರಸ್ತೆಯ ಬದಿಯಲ್ಲಿ ಸ್ವಲ್ಪ ಹೊತ್ತು ನಿಂತರೆ ಕಣ್ಣಾರೆ ಕಾಣಬಹುದು. ಪಟ್ಟೆಯ ಮೇಲೆ ಅಜ್ಜಿಯೊಬ್ಬರು ಕಾಲಿಡುತ್ತಾರೆ. ಅಂಚಿನ ಲೇನಿನಲ್ಲಿ ಬರುತ್ತಿದ್ದ ಬಸ್ಸಿನ ಚಾಲಕ ಒಳ್ಳೆಯವನು, ನಿಲ್ಲಿಸುತ್ತಾನೆ. ಅಜ್ಜಿ ಬಸ್ಸಿನ ಮುಂದೆ ಹಾದು ಎರಡನೇ ಲೇನಿಗೆ ಬರುತ್ತಾರೆ. ಬಸ್ಸು ಯಾಕೆ ನಿಂತಿತೆಂದು ಗೊತ್ತಿಲ್ಲದ ಬೈಕಿನವನು ಬಲಗಡೆಯಿಂದ ಅದನ್ನು ದಾಟಿ ಬರುತ್ತಾನೆ. ಬಸ್ಸಿನ ಮೈ ಅಡ್ಡ ಇರುವುದರಿಂದ ಅವನಿಗೆ ಅಜ್ಜಿ ಕಾಣುವುದಿಲ್ಲ, ಅಜ್ಜಿಗೆ ಅವನು ಕಾಣುವುದಿಲ್ಲ. ಕೊನೆಯ ಗಳಿಗೆಯಲ್ಲಿ ಹಾರ್ನು, ಅಜ್ಜಿ ಸೀರೆ ಹಿಡಿದು ಹಿಂದೆ ಸರಿಯುತ್ತಾರೆ. ಎಲ್ಲ ದಿನವೂ ಸರಿಯಲು ಆಗುವುದಿಲ್ಲ. ಹಾಸನಾಂಬೆ ಗುಡಿಯ ಬಾಗಿಲು ತೆರೆದ ದಿನಗಳಲ್ಲಿ ಲಕ್ಷಗಟ್ಟಲೆ ಜನ ಈ ರಸ್ತೆಗಳಲ್ಲಿ ನಡೆದಾಡುತ್ತಾರೆ, ಅವರಲ್ಲಿ ಹೆಚ್ಚಿನವರು ಹೊರ ಊರಿನವರು, ಎಲ್ಲಿಂದ ಯಾವ ಗಾಡಿ ನುಗ್ಗುತ್ತದೆಂದು ಅವರಿಗೆ ಗೊತ್ತಿರುವುದಿಲ್ಲ.

ಬಣ್ಣ ಚಾಲಕನ ಮನಸ್ಸನ್ನು ಕೇಳಿಕೊಳ್ಳುತ್ತದೆ. ಮನಸ್ಸು ಬೇರೆಡೆ ಇದ್ದರೆ? ಆಗ ಚಕ್ರವನ್ನೇ ಹಿಡಿಯಬೇಕು. ಚಕ್ರವನ್ನು ಹಿಡಿಯುವ ವಿದ್ಯೆಯನ್ನು ಲೆಕ್ಕಾಚಾರದ ಮಟ್ಟಕ್ಕೆ ತಂದವರಲ್ಲಿ ಮೊದಲಿಗರು ಆರ್ಥರ್ ಹಾಲಿ ಕಾಂಪ್ಟನ್.

ಪದವಿಯಲ್ಲಿ ಭೌತವಿಜ್ಞಾನ ಓದಿದವರಿಗೆಲ್ಲ ಈ ಹೆಸರು ಗೊತ್ತು. ಎಕ್ಸ್-ರೇ ಕಿರಣ ಎಲೆಕ್ಟ್ರಾನಿಗೆ ಬಡಿದು ಚದುರಿದಾಗ ಅದರ ತರಂಗದ ಉದ್ದ ಹಿಗ್ಗುತ್ತದೆ ಎಂದು 1923ರಲ್ಲಿ ತೋರಿಸಿ, 1927ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡವರು. ನಮ್ಮ ಸಿ.ವಿ. ರಾಮನ್ 1928ರಲ್ಲಿ ಬೆಳಕಿನಲ್ಲಿ ಕಂಡ ಪರಿಣಾಮಕ್ಕೆ ಹಾದಿ ತೋರಿದ ಕೆಲಸಗಳಲ್ಲಿ ಕಾಂಪ್ಟನ್ನರದೂ ಒಂದು. ಎರಡನೇ ಮಹಾಯುದ್ಧದ ನಂತರ ಅವರು ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮುಖ್ಯಸ್ಥರಾದರು. ಆವರಣದ ಬ್ರೂಕಿಂಗ್ಸ್ ಹಾಲ್ ಎಂಬ ಕಟ್ಟಡದ ಮುಂದೆ ಕಾರುಗಳು ಎಗ್ಗಿಲ್ಲದೆ ನುಗ್ಗುವುದು ಅವರ ಕಣ್ಣಿಗೆ ಬಿತ್ತು. ಫಲಕ ಹಾಕಿಸಿ ಸುಮ್ಮನಾಗುವ ಮನುಷ್ಯನಲ್ಲ. ಎಷ್ಟು ಅಗಲದ, ಎಷ್ಟು ಎತ್ತರದ, ಯಾವ ಬಾಗಿನ ಉಬ್ಬಿನ ಮೇಲೆ ಯಾವ ವೇಗದಲ್ಲಿ ಹೋದರೆ ಗಾಡಿಗೆ ಎಷ್ಟು ಕುಲುಕು ಎಂದು ಲೆಕ್ಕ ಹಾಕಿ, 1953ರಲ್ಲಿ ಒಂದು ಉಬ್ಬಿನ ನಕ್ಷೆ ಮಾಡಿದರು. ಅಣುವಿನ ಒಳಗಿನ ಡಿಕ್ಕಿಗಳನ್ನು ಅಳೆದ ಮನುಷ್ಯ, ವಿದ್ಯಾರ್ಥಿಗಳು ನಡೆದಾಡುವ ದಾರಿಯ ಡಿಕ್ಕಿಗಳಿಗೂ ಅಷ್ಟೇ ಶ್ರದ್ಧೆ ಕೊಟ್ಟರು ಎಂಬುದು ನನಗೆ ಅವರ ನೊಬೆಲ್ಲಿಗಿಂತ ಕಡಿಮೆ ದೊಡ್ಡದಾಗಿ ಕಾಣುವುದಿಲ್ಲ.

ಪೂರ್ತಿ ಉತ್ತರ ಸಿಕ್ಕಿದ್ದು ಇಪ್ಪತ್ತು ವರ್ಷ ಕಳೆದು, ಪಟ್ಟೆಯನ್ನು ರೂಪಿಸಿದ ಬ್ರಿಟನ್ನಿನ ಅದೇ ರಸ್ತೆ ಸಂಶೋಧನಾಲಯದಲ್ಲಿ. ಜಿ.ಆರ್. ವಾಟ್ಸ್ ಎಂಬ ಸಂಶೋಧಕರು ಬೇರೆಬೇರೆ ಆಕಾರದ ಉಬ್ಬುಗಳನ್ನು ಮಾಡಿಸಿ, ಬೇರೆಬೇರೆ ಗಾಡಿಗಳನ್ನು ಬೇರೆಬೇರೆ ವೇಗದಲ್ಲಿ ಅವುಗಳ ಮೇಲೆ ಓಡಿಸಿ, ಒಳಗೆ ಕೂತವರಿಗಾಗುವ ಕಷ್ಟವನ್ನು ಅಳೆದರು. 1973ರಲ್ಲಿ ಬಂದ ಅವರ ವರದಿಯ ಸಾರ ತಿಳಿಯಬೇಕಾದರೆ ಗಾಡಿಯೊಂದು ದಿಬ್ಬ ಹತ್ತುವುದನ್ನು ಹತ್ತಿರದಿಂದ ನೋಡಬೇಕು.

ಕೆಳಗೆ ಚಕ್ರ, ಅದರ ಮೇಲೆ ಸ್ಪ್ರಿಂಗು, ಅದರ ಮೇಲೆ ಗಾಡಿಯ ಮೈ. ನಮ್ಮೂರಿನ ಒಂದೂವರೆ ಅಡಿಯ ಕಡಿದಾದ ದಿಬ್ಬಕ್ಕೆ ನಿಧಾನವಾಗಿ, ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಬಂದರೆ, ಚಕ್ರ ಏರುತ್ತದೆ, ಮೈಯೂ ಅದರ ಜತೆ ಎದ್ದು ಧಡ್ ಎಂದು ಕೂರುತ್ತದೆ. ಸೊಂಟಕ್ಕೆ ಪೆಟ್ಟು, ಅಡಿಭಾಗ ಉಜ್ಜುವ ಸದ್ದು. ಅದೇ ದಿಬ್ಬಕ್ಕೆ 60 ಕಿಲೋಮೀಟರ್ ವೇಗದಲ್ಲಿ ಬಂದ ಕಾರಿನ ಚಕ್ರ ಅದನ್ನು ದಾಟುವುದಕ್ಕೆ ಹಿಡಿಯುವ ಹೊತ್ತು ಸೆಕೆಂಡಿನ ನೂರರಲ್ಲಿ ಮೂರು ಪಾಲಿಗಿಂತ ಕಡಿಮೆ. ಅಷ್ಟರಲ್ಲಿ ಗಾಡಿಯ ಭಾರದ ಮೈಗೆ ಮೇಲೇಳಲು ಪುರುಸೊತ್ತೇ ಇಲ್ಲ. ಸ್ಪ್ರಿಂಗು ಕುಗ್ಗಿ, ಪೆಟ್ಟನ್ನು ತಾನೇ ನುಂಗಿಬಿಡುತ್ತದೆ. ಅಂದರೆ ಗಿಡ್ಡ ದಿಬ್ಬದಲ್ಲಿ ವೇಗ ಹೆಚ್ಚಾದಷ್ಟೂ ಕೂತವರಿಗೆ ಕಷ್ಟ ಕಡಿಮೆ. ನಿಧಾನಕ್ಕೆ ಹೋದವನಿಗೆ ಶಿಕ್ಷೆ, ನುಗ್ಗಿದವನಿಗೆ ಬಿಡುಗಡೆ. ಬಸುರಿಯನ್ನು ಆಸ್ಪತ್ರೆಗೆ ಕರೆದೊಯ್ಯುವ ಆಟೋ, 108ರ ಆಂಬುಲೆನ್ಸು, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡ ಬೈಕು ನೋಯುತ್ತವೆ. ದೊಡ್ಡ ಕಾರು ಹಾರಿ ಹೋಗುತ್ತದೆ.

ವಾಟ್ಸ್ ಕಂಡದ್ದು ಇದರ ಇನ್ನೊಂದು ಮಗ್ಗುಲನ್ನು. ಉಬ್ಬನ್ನು ಕಾರಿನ ಮುಂದಿನ, ಹಿಂದಿನ ಗಾಲಿಗಳ ನಡುವಿನ ಅಂತರಕ್ಕಿಂತ ಅಗಲ ಮಾಡಿ, ಮೇಲ್ಮೈಯನ್ನು ನಯವಾಗಿ ಬಾಗಿಸಿದರೆ ಲೆಕ್ಕ ತಿರುಗುಮುರುಗಾಗುತ್ತದೆ. ಅವರು ಕೊಟ್ಟ ಅಳತೆ: ಗಾಡಿ ಹೋಗುವ ದಿಕ್ಕಿನಲ್ಲಿ 3.7 ಮೀಟರ್, ಅಂದರೆ ಹನ್ನೆರಡು ಅಡಿ ಅಗಲ. ನಡುವಿನಲ್ಲಿ 10 ಸೆಂಟಿಮೀಟರ್, ಅಂದರೆ ನಾಲ್ಕು ಅಂಗುಲ ಎತ್ತರ. ಇದನ್ನು 25 ಕಿಲೋಮೀಟರ್ ವೇಗದಲ್ಲಿ ದಾಟುವುದಕ್ಕೆ ಅರ್ಧ ಸೆಕೆಂಡಿಗೂ ಹೆಚ್ಚು ಹೊತ್ತು ಬೇಕು. ಮೈ ಮೆಲ್ಲಗೆ ಏರಿ, ಮೆಲ್ಲಗೆ ಇಳಿಯುತ್ತದೆ, ಮಡಿಲ ಮಗು ಎಚ್ಚರಾಗುವುದಿಲ್ಲ. 60ರಲ್ಲಿ ಬಂದರೆ ಅಷ್ಟೇ ಏರಿಳಿತವನ್ನು ಸೆಕೆಂಡಿನ ಐದನೇ ಒಂದು ಪಾಲಿನಲ್ಲಿ ಮುಗಿಸಬೇಕು. ಸ್ಪ್ರಿಂಗು ಅಷ್ಟು ದೊಡ್ಡ ಏರಿಳಿತವನ್ನು ನುಂಗಲಾರದೆ ಪೂರ್ತಿ ಮೈಯನ್ನೇ ಎತ್ತಿ ಹಾಕುತ್ತದೆ. ನಿಧಾನಕ್ಕೆ ಹೋದವನಿಗೆ ನೋವಿಲ್ಲ, ನುಗ್ಗಿದವನಿಗೆ ನೋವು. ಅವೈಜ್ಞಾನಿಕ ಹಂಪಿಗೂ ವೈಜ್ಞಾನಿಕ ಹಂಪಿಗೂ ಇರುವ ವ್ಯತ್ಯಾಸ ಪೂರ್ತಿ ಇದೇ. ಅಚ್ಚರಿಯೆಂದರೆ ಸರಿಯಾದ ಉಬ್ಬು ನಮ್ಮ ಗುತ್ತಿಗೆದಾರರ ದಿಬ್ಬಕ್ಕಿಂತ ತಗ್ಗಾಗಿದೆ. ಅಗಲ ಮಾತ್ರ ಎಂಟು ಪಟ್ಟು.

ಇಂಡಿಯನ್ ರೋಡ್ಸ್ ಕಾಂಗ್ರೆಸ್ ಈ ಅಳತೆಯನ್ನೇ ತನ್ನ ‘ಐಆರ್‌ಸಿ 99’ ಎಂಬ ಮಾನದಂಡದಲ್ಲಿ 1988ರಲ್ಲಿ ಸ್ವೀಕರಿಸಿತು: 17 ಮೀಟರ್ ತ್ರಿಜ್ಯದ ಬಾಗು, 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ದಾಟಬೇಕಾದ ವೇಗ ಗಂಟೆಗೆ 25 ಕಿಲೋಮೀಟರ್. ಕಪ್ಪು-ಬಿಳುಪು ಬಣ್ಣ ಬಳಿದಿರಬೇಕು, ಮುಂಚಿತವಾಗಿ ಎಚ್ಚರಿಕೆ ಫಲಕ ಇರಬೇಕು. 2018ರಲ್ಲಿ ಅದನ್ನು ಪರಿಷ್ಕರಿಸಿದರು. ಪಾದಚಾರಿಗಳಿಗಾಗಿಯೇ ಇರುವ ‘ಐಆರ್‌ಸಿ 103’ ಎಂಬ ಇನ್ನೊಂದು ಮಾನದಂಡವಿದೆ. ಅದರ 2012ರ ಆವೃತ್ತಿ ಫುಟ್‌ಪಾತಿನಲ್ಲಿ ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಜಾಗ ಇರಬೇಕೆನ್ನುತ್ತದೆ. ದಾಟುವ ಜಾಗವನ್ನು ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸಿ, ಮೇಲೆ ಚಪ್ಪಟೆ ಮಾಡಿ, ಪಟ್ಟೆ ಬಳಿಯುವ ಮಾದರಿಯೂ ಅದರಲ್ಲಿದೆ. ಇಂಜಿನಿಯರುಗಳು ಇದನ್ನು ಟೇಬಲ್ ಟಾಪ್ ಎನ್ನುತ್ತಾರೆ. ಚಾಥಮ್ ಊರಿನವರ ಕಲ್ಲುಹಾಸು, ಚಾರ್ಲ್ಸ್‌ವರ್ತರ ಪಟ್ಟೆ, ಕಾಂಪ್ಟನ್ ಮತ್ತು ವಾಟ್ಸರ ಲೆಕ್ಕ, ಎಲ್ಲವೂ ಈ ಒಂದರಲ್ಲಿ ಕೂಡಿಬಂದಿವೆ. ಅರಕಲಗೂಡಿನ ಪೇಟೆಬೀದಿಗೆ, ಕೊಣನೂರು, ರಾಮನಾಥಪುರದ ಶಾಲೆ ಮತ್ತು ಆಸ್ಪತ್ರೆಯ ಮುಂದಿನ ರಸ್ತೆಗಳಿಗೆ, ಹಾಸನದ ಕಟ್ಟಿನಕೆರೆ ಮಾರುಕಟ್ಟೆಯ ಸುತ್ತಿನ ಬೀದಿಗಳಿಗೆ ಬೇಕಾದದ್ದು ಇದೇ.

25 ಅಥವಾ 30 ಕಿಲೋಮೀಟರ್ ವೇಗವೇ ಯಾಕೆ? ಮನುಷ್ಯನ ಮೈ ತಾಳುವುದು ಅಷ್ಟೇ. ಡಿಕ್ಕಿಯ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ವೇಗ ಎರಡು ಪಟ್ಟಾದರೆ ಪೆಟ್ಟು ನಾಲ್ಕು ಪಟ್ಟು. 30ರಲ್ಲಿ ಬಡಿಯುವ ಕಾರಿನ ಪೆಟ್ಟು ಮೂರೂವರೆ ಮೀಟರ್ ಎತ್ತರದಿಂದ ಬಿದ್ದಷ್ಟು. ಕೈಕಾಲು ಮುರಿದೀತು, ಹೆಚ್ಚಿನವರು ಬದುಕುತ್ತಾರೆ. 60ರಲ್ಲಿ ಬಡಿದರೆ ಹದಿನಾಲ್ಕು ಮೀಟರ್, ಚನ್ನರಾಯಪಟ್ಟಣ ಸೀಮೆಯ ಒಳ್ಳೆಯ ತೆಂಗಿನ ಮರದ ನೆತ್ತಿಯಿಂದ ಬಿದ್ದ ಹಾಗೆ. ಕಾಯಿ ಕೀಳುವಾಗ ಬಿದ್ದವರನ್ನು ಕಂಡ ಜನಕ್ಕೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ಇನ್ನು ಹೆದ್ದಾರಿ. ಬೆಂಗಳೂರಿನಿಂದ ಹಿರೀಸಾವೆ, ಚನ್ನರಾಯಪಟ್ಟಣ, ಶಾಂತಿಗ್ರಾಮದ ಮೇಲೆ ಹಾಸನಕ್ಕೆ ಬರುವ ರಾಷ್ಟ್ರೀಯ ಹೆದ್ದಾರಿ 75 ಚತುಷ್ಪಥವಾಗಿದೆ. ಬಿಳಿಕೆರೆಯಿಂದ ಹೊಳೆನರಸೀಪುರ, ಹಾಸನದ ಮೇಲೆ ಬೇಲೂರಿಗೆ ಹೋಗುವುದು ಹೆದ್ದಾರಿ 373. ರಾಷ್ಟ್ರೀಯ ಹೆದ್ದಾರಿಗಳಲ್ಲಿ ಹಂಪ್ಸ್ ಇರಬಾರದು, ಇದ್ದರೆ ತೆಗೆಯಿರಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2016ರಲ್ಲೇ ಹೇಳಿದೆ. ನೂರರ ಹತ್ತಿರ ಓಡುವ ಗಾಡಿಗೆ ದಿಬ್ಬ ಅಡ್ಡ ಬಂದರೆ ಗಾಡಿಯವನೂ ಉಳಿಯುವುದಿಲ್ಲ, ಹಾಗಾಗಿ ಆ ಮಾತು ಸರಿ. ಆದರೆ ದಿಬ್ಬ ತೆಗೆದ ಜಾಗದಲ್ಲಿ ದಾಟುವವರಿಗೆ ಏನು ಕೊಟ್ಟಿರಿ ಎಂಬ ಪ್ರಶ್ನೆ ಉಳಿಯುತ್ತದೆ. ಲೆಕ್ಕ ನೋಡಿ. ಚತುಷ್ಪಥದ ಒಂದು ಬದಿ ಎರಡು ಲೇನು ಸೇರಿ ಏಳು ಮೀಟರ್. ಸೆಕೆಂಡಿಗೆ 1.2 ಮೀಟರ್ ನಡೆಯುವ ಗಟ್ಟಿಮುಟ್ಟಾದವರಿಗೆ ಅದನ್ನು ದಾಟಲು ಸುಮಾರು ಆರು ಸೆಕೆಂಡು ಬೇಕು. ಅಷ್ಟರಲ್ಲಿ 80 ಕಿಲೋಮೀಟರ್ ವೇಗದ ಕಾರು 130 ಮೀಟರಿಗೂ ಹೆಚ್ಚು ದೂರ ಬಂದಿರುತ್ತದೆ. ಆ ವೇಗದಲ್ಲಿ ಗಾಡಿ ನಿಲ್ಲಲು 120 ಮೀಟರ್ ಬೇಕೆಂಬುದು ರೋಡ್ಸ್ ಕಾಂಗ್ರೆಸ್ಸಿನದೇ ಲೆಕ್ಕ. 30ರ ವೇಗಕ್ಕಾದರೆ 30 ಮೀಟರ್ ಸಾಕು. ಮಂಡಿನೋವಿನ ಅಜ್ಜನಿಗೆ, ತಲೆಯ ಮೇಲೆ ಹುಲ್ಲಿನ ಹೊರೆ ಇರುವ ತಾಯಿಗೆ ಆರು ಸೆಕೆಂಡು ಸಾಲುವುದಿಲ್ಲ. ಕತ್ತಲಾದ ಮೇಲೆ, ಎದುರಿನ ದೀಪ ನೋಡಿ ಗಾಡಿ ಎಷ್ಟು ದೂರವಿದೆ, ಎಷ್ಟು ವೇಗದಲ್ಲಿದೆ ಎಂದು ಸರಿಯಾಗಿ ಅಂದಾಜು ಮಾಡುವುದು ಯಾರ ಕಣ್ಣಿಗೂ ಸುಲಭವಲ್ಲ. ಅಲ್ಲಿ ಬೇಕಾದದ್ದು ಅಂಡರ್‌ಪಾಸು, ಸರ್ವಿಸ್ ರಸ್ತೆ, ನಡುವೆ ನಿಂತು ಉಸಿರಾಡಲು ಜಾಗ, ದೀಪ.

2025ರ ಸೆಪ್ಟೆಂಬರ್ 12ರ ರಾತ್ರಿ ಹಾಸನ–ಹೊಳೆನರಸೀಪುರ ರಸ್ತೆಯ ಮೊಸಳೆಹೊಸಹಳ್ಳಿಯಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆಯೊಳಕ್ಕೆ ಲಾರಿ ನುಗ್ಗಿತು. ಸತ್ತವರಲ್ಲಿ ಹೆಚ್ಚಿನವರು ಹರೆಯದ ಹುಡುಗರು, ಇಂಜಿನಿಯರಿಂಗ್ ಓದುತ್ತಿದ್ದವರೂ ಇದ್ದರು. ಆ ರಾತ್ರಿಯ ಹೊಣೆಯನ್ನು ತೂಗುವುದು ನ್ಯಾಯಾಲಯದ ಕೆಲಸ. ಒಂದು ಉಬ್ಬು ಇದ್ದಿದ್ದರೆ ಅವರೆಲ್ಲ ಉಳಿಯುತ್ತಿದ್ದರು ಎಂದು ನಾನು ಹೇಳಲಾರೆ. ಊರಿನ ನಡುಬೀದಿಯೂ ಹೆದ್ದಾರಿಯೂ ಒಂದೇ ಆಗಿರುವ ಕಡೆ, ಊರೊಳಗೆ ಬಂದ ಗಾಡಿಯ ವೇಗವನ್ನು ರಸ್ತೆಯೇ ತಗ್ಗಿಸುವಂತಿರಬೇಕು ಎಂದು ಮಾತ್ರ ಹೇಳಬಲ್ಲೆ.

ಸಾವಿನ ಸಿಟ್ಟು ನೀತಿಯಾಗಿ ಬದಲಾದ ಉದಾಹರಣೆ ಜಗತ್ತಿನಲ್ಲಿದೆ. ನೆದರ್ಲೆಂಡ್ಸಿನಲ್ಲಿ 1971ರಲ್ಲಿ ರಸ್ತೆಯಲ್ಲಿ ಸತ್ತವರು ಸುಮಾರು 3,300, ಅವರಲ್ಲಿ ಮಕ್ಕಳೇ 400ಕ್ಕೂ ಹೆಚ್ಚು. ಮಗಳನ್ನು ಕಳೆದುಕೊಂಡ ವಿಕ್ ಲಾಂಗೆನ್‌ಹಾಫ್ ಎಂಬ ಪತ್ರಕರ್ತ ಮಾರನೆಯ ವರ್ಷ ಪತ್ರಿಕೆಯಲ್ಲಿ ಬರೆದ ಲೇಖನ ದೊಡ್ಡ ಚಳವಳಿಯಾಯಿತು, ತಾಯಂದಿರು, ಮಕ್ಕಳು ರಸ್ತೆಯಲ್ಲಿ ಕೂತರು. ಅವರೂ ರಸ್ತೆ ತಡೆದೇ ಕೇಳಿದರು, ನಮ್ಮವರಂತೆಯೇ. ಅಲ್ಲಿಯ ಸರ್ಕಾರ ಅಪಘಾತವಾದ ಜಾಗಕ್ಕೊಂದು ದಿಬ್ಬ ಸುರಿದು ಕೈತೊಳೆದುಕೊಳ್ಳಲಿಲ್ಲ, ವಸತಿ ಬೀದಿಗಳನ್ನೆಲ್ಲ ನಿಧಾನದ ಬೀದಿಗಳಾಗಿ ಮತ್ತೆ ಕಟ್ಟಲು ಹೊರಟಿತು. ಭಾರತದಲ್ಲಿ ಈ ಮಾತನ್ನು ಬದುಕಿಡೀ ಹೇಳಿದವರು ದೆಹಲಿ ಐಐಟಿಯ ದಿನೇಶ್ ಮೋಹನ್. ರಸ್ತೆಯ ಸಾವಿಗೆ ಜನರ ಅಜಾಗರೂಕತೆಯನ್ನು ದೂರಿ ಮುಗಿಸಬೇಡಿ, ತಪ್ಪು ಮಾಡಿದವನೂ ಬದುಕುವಂಥ ರಸ್ತೆ ಕಟ್ಟಿ ಎಂಬುದು ಅವರ ವಾದದ ಸಾರ. 2021ರಲ್ಲಿ ಅವರು ತೀರಿಕೊಂಡರು.

ನಮ್ಮ ಸರ್ಕಾರದ ನೀತಿಯಲ್ಲಿ ಒಂದು ಅಂಶವನ್ನು ನಾನು ಇವತ್ತಿಗೂ ಒಪ್ಪಲಾರೆ. ಹೆದ್ದಾರಿಯ ಒಂದು ಜಾಗವನ್ನು ‘ಬ್ಲ್ಯಾಕ್ ಸ್ಪಾಟ್’ ಎಂದು ಗುರುತಿಸಬೇಕಾದರೆ, ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯದ ಐದು ಅಪಘಾತ, ಇಲ್ಲವೇ ಹತ್ತು ಸಾವು ಆಗಿರಬೇಕು. ನಾಲ್ಕು ಅಪಘಾತವಾದ ಹಳ್ಳಿ ಐದನೆಯದಕ್ಕೆ ಕಾಯಬೇಕೇ? ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದು ಎಂದು ನಮ್ಮ ಹಿರಿಯರು ಇದನ್ನೇ ಅಂದದ್ದು. 2022ರೊಂದರಲ್ಲೇ ದೇಶದಲ್ಲಿ 32,825 ಪಾದಚಾರಿಗಳು ಸತ್ತಿದ್ದಾರೆ ಎಂದು ಸಾರಿಗೆ ಸಚಿವಾಲಯದ ವರದಿಯೇ ಹೇಳುತ್ತದೆ, ದಿನಕ್ಕೆ ಸುಮಾರು 90 ಮಂದಿ.

ಕಾನೂನು ಇಲ್ಲವೆಂದಲ್ಲ. 2017ರ ಚಾಲನಾ ನಿಯಮಗಳ ಪ್ರಕಾರ, ಸಿಗ್ನಲ್ ಇಲ್ಲದ ಪಟ್ಟೆಯ ಹತ್ತಿರ ಬಂದ ಚಾಲಕ ನಿಧಾನಿಸಿ, ನಿಂತು, ದಾಟುವವರಿಗೆ ದಾರಿ ಬಿಡಬೇಕು. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಸೇರಿದ 198ಎ ಕಲಮಿನ ಪ್ರಕಾರ, ಮಾನದಂಡ ಮೀರಿ ರಸ್ತೆ ಕಟ್ಟಿ ಸಾವುನೋವಿಗೆ ಕಾರಣರಾದ ಗುತ್ತಿಗೆದಾರ, ಸಲಹೆಗಾರ, ಪ್ರಾಧಿಕಾರಕ್ಕೆ ಒಂದು ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಅದೇ ತಿದ್ದುಪಡಿಯ 138(1ಎ) ಕಲಮು ಪಾದಚಾರಿಗಳ ಓಡಾಟಕ್ಕೆ ನಿಯಮ ಮಾಡುವ ಅಧಿಕಾರವನ್ನು ರಾಜ್ಯ ಸರ್ಕಾರಗಳಿಗೆ ಕೊಟ್ಟಿತು. ಕೊಯಮತ್ತೂರಿನ ಮೂಳೆ ವೈದ್ಯ ಎಸ್. ರಾಜಶೇಖರನ್ 2012ರಲ್ಲಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಅರ್ಜಿಯಿಂದ ಈ ವಿಷಯ ಇನ್ನೂ ಜೀವಂತವಾಗಿದೆ. 2025ರ ಮೇ 14ರಂದು ನ್ಯಾಯಮೂರ್ತಿಗಳಾದ ಅಭಯ್ ಎಸ್. ಓಕ್ ಮತ್ತು ಉಜ್ಜಲ್ ಭುಯಾನ್ ಅವರ ಪೀಠ, ಫುಟ್‌ಪಾತ್ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿತು. ಅದೇ ವರ್ಷ ಅಕ್ಟೋಬರ್ 7ರಂದು ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದೀವಾಲಾ ಮತ್ತು ಕೆ.ವಿ. ವಿಶ್ವನಾಥನ್ ಅವರ ಪೀಠ, 138(1ಎ) ಅಡಿಯ ನಿಯಮಗಳನ್ನು ಆರು ತಿಂಗಳಲ್ಲಿ ಮಾಡಿ ಎಂದು ರಾಜ್ಯಗಳಿಗೆ ಆದೇಶಿಸಿತು. ಫುಟ್‌ಪಾತು, ದಾಟುವ ಜಾಗಗಳ ತಪಾಸಣೆಯನ್ನು ಐವತ್ತು ದೊಡ್ಡ ನಗರಗಳಿಂದ ಶುರು ಮಾಡಲು ಹೇಳಿತು. ಹಾಸನ ಅಂಥ ದೊಡ್ಡ ನಗರವಲ್ಲ, ಅರಕಲಗೂಡಂತೂ ಅಲ್ಲವೇ ಅಲ್ಲ. ನಮ್ಮ ಸರದಿ ತಾನಾಗಿ ಬರುತ್ತದೆಂದು ಕೂತರೆ ಬಹಳ ಕಾಲ ಕೂರಬೇಕಾದೀತು.

ಕೇಳುವುದಕ್ಕೆ ಒಂದು ಜಾಗ ಇದೆ. ಸುಪ್ರೀಂ ಕೋರ್ಟಿನ 2017ರ ಆದೇಶದಂತೆ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿ ಇರಬೇಕು. ಪೊಲೀಸ್ ವರಿಷ್ಠಾಧಿಕಾರಿ, ರಸ್ತೆ ಇಲಾಖೆಗಳ ಇಂಜಿನಿಯರುಗಳು ಅದರಲ್ಲಿರುತ್ತಾರೆ. ಗ್ರಾಮ ಪಂಚಾಯಿತಿ, ಶಾಲಾಭಿವೃದ್ಧಿ ಸಮಿತಿ, ಹಾಲಿನ ಡೇರಿ, ಸ್ತ್ರೀಶಕ್ತಿ ಸಂಘ, ಯಾರು ಬೇಕಾದರೂ ಆ ಸಮಿತಿಗೆ ಬರೆಯಬಹುದು. ಸಾವಾಗುವವರೆಗೆ ಕಾಯಬೇಡಿ. ಊರಿನ ಶಾಲೆ, ಡೇರಿ, ಬಸ್ ತಂಗುದಾಣದ ಮುಂದೆ ಜನ ದಾಟುವ ಜಾಗ ಯಾವುದೆಂದು ಗುರುತಿಸಿ, ಈಗಿರುವ ಹಂಪನ್ನು ಟೇಪು ಹಿಡಿದು ಅಳೆದು, ಫೋಟೊ ತೆಗೆದು ಅರ್ಜಿಗೆ ಲಗತ್ತಿಸಿ. ‘ಹಂಪ್ಸ್ ಹಾಕಿಸಿಕೊಡಿ’ ಎಂದಷ್ಟೇ ಬರೆದರೆ ಮತ್ತೊಂದು ದಿಬ್ಬ ಬಂದು ಬೀಳುತ್ತದೆ. ‘ಐಆರ್‌ಸಿ 99ರಂತೆ ಅಗಲ, ಎತ್ತರ ಇರುವ ಉಬ್ಬು, ಪಟ್ಟೆ, ಫಲಕ, ದೀಪ ಸಮೇತ’ ಎಂದು ಬರೆಯಿರಿ. ರಾಷ್ಟ್ರೀಯ ಹೆದ್ದಾರಿಯಾದರೆ ಅಂಡರ್‌ಪಾಸ್, ಸರ್ವಿಸ್ ರಸ್ತೆ ಕೇಳಿ. ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ಪಡೆಯಿರಿ, ಏನು ಕ್ರಮ ಕೈಗೊಂಡಿರೆಂದು ಲಿಖಿತ ಹಿಂಬರಹ ಕೇಳಿ, ಹಿಂಬರಹ ಬರುವವರೆಗೆ ಬಿಡಬೇಡಿ.